ಬಾಟಲಿಯಲ್ಲಿ ಉಳಿದ ಕಾಕಂಬಿಯನ್ನು ಮುಗಿಸುವುದು ಹೇಗೆ?

ಯಾವುದೋ ಕೇಕಿಗೆ ಎರಡು ಚಮಚ ಬೇಕೆಂದು ಒಂದು ಬಾಟಲಿ ಕಾಕಂಬಿ, ಅಂದರೆ ಮೊಲಾಸಸ್, ತರುತ್ತೇವೆ. ಕೇಕು ಎರಡು ದಿನದಲ್ಲಿ ಖಾಲಿಯಾಗುತ್ತದೆ, ಬಾಟಲಿ ಕಪಾಟಿನ ಮೂಲೆ ಸೇರುತ್ತದೆ. ತಿಂಗಳುಗಳ ನಂತರ ಕೈಗೆ ಸಿಕ್ಕಾಗ ಮುಚ್ಚಳ ತಿರುಗುವುದಿಲ್ಲ. ಅಂಚಿಗೆ ಇಳಿದ ಹನಿ ಒಣಗಿ ಅರಗಿನಂತೆ ಹಿಡಿದುಕೊಂಡಿರುತ್ತದೆ. ಮುಚ್ಚಳವನ್ನು ಬಿಸಿನೀರಿನಲ್ಲಿ ಅದ್ದಿ, ಒದ್ದೆ ಬಟ್ಟೆ ಸುತ್ತಿ, ಬಲ ಹಾಕಿ ತೆರೆದರೆ ಒಳಗಿನ ಕಪ್ಪು ದ್ರವ ಚಮಚ ಬಿಟ್ಟು ಇಳಿಯಲು ಒಪ್ಪುವುದಿಲ್ಲ. ನಾಲಿಗೆಗೆ ತಾಗಿಸಿದರೆ ಮೊದಲು ಸಿಹಿ, ಬೆನ್ನಿಗೇ ಸುಟ್ಟ ಸಕ್ಕರೆಯ ಒಗರು, ಕೊನೆಗೆ ಬಹಳ ಹೊತ್ತು ಉಳಿಯುವ ಒಂದು ಕಹಿ. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿ ಗೊತ್ತಿಲ್ಲ.

ಈ ಇಕ್ಕಟ್ಟಿಗೆ ಒಂದು ಕಾರಣವಿದೆ. ಕಾಕಂಬಿಯನ್ನು ಸಕ್ಕರೆಯ ಬದಲು ಸುರಿಯಬಹುದಾದ ಸಿಹಿ ಎಂದು ಭಾವಿಸಿದವರು ಮೊದಲ ಸಲವೇ ಕೈ ಸುಟ್ಟುಕೊಂಡು ಬಾಟಲಿ ಮುಚ್ಚಿಡುತ್ತಾರೆ. ಅದರ ಜಾಗ ಉಪ್ಪು, ಹುಳಿ, ಮೆಣಸುಗಳ ಸಾಲಿನಲ್ಲಿದೆ. ರುಚಿ ನೋಡಿ ಹಾಕಬೇಕಾದ, ಸ್ವಲ್ಪವೇ ಸಾಕಾಗುವ ಸಾಮಗ್ರಿ ಅದು. ಹಾಗೆಂದು ಒಪ್ಪಿಕೊಂಡರೆ ಅದು ಎಲ್ಲೆಲ್ಲಿ ಹೊಂದುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ. ಅದಕ್ಕೆ ಮೊದಲು ಕಾಕಂಬಿ ಎಂದರೆ ಏನು, ಅದು ಒಲೆಯ ಮೇಲೆ ಹೇಗೆ ವರ್ತಿಸುತ್ತದೆ ಎಂದು ತಿಳಿದಿರಬೇಕು.

ಬೆಣ್ಣೆ ತೆಗೆದ ಮೇಲಿನ ಮಜ್ಜಿಗೆ

ಕಬ್ಬಿನ ರಸವನ್ನು ಸುಣ್ಣ ಹಾಕಿ ತಿಳಿಗೊಳಿಸಿ, ನೀರಿನಂಶ ಹೋಗುವಂತೆ ಕುದಿಸಿದಾಗ ದಪ್ಪ ಪಾಕ ಬರುತ್ತದೆ. ಅದರಲ್ಲಿ ಸಕ್ಕರೆಯ ಹರಳುಗಳು ಕಟ್ಟುತ್ತವೆ. ಹರಳನ್ನೂ ಪಾಕವನ್ನೂ ಬೇರೆ ಮಾಡಲು ಎರಡನ್ನೂ ಸೇರಿಸಿ ರಭಸವಾಗಿ ತಿರುಗುವ ಜರಡಿ ಬುಟ್ಟಿಗೆ ಹಾಕುತ್ತಾರೆ. ವಾಷಿಂಗ್ ಮಷೀನು ಕೊನೆಯಲ್ಲಿ ಗಿರ್ರೆಂದು ತಿರುಗಿ ಬಟ್ಟೆಯ ನೀರನ್ನು ಹೊರಕ್ಕೆ ಚಿಮ್ಮಿಸುತ್ತದಲ್ಲ, ಅದೇ ಉಪಾಯ. ಹರಳು ಒಳಗೆ ಉಳಿಯುತ್ತದೆ, ಪಾಕ ಹೊರಗೆ ಬರುತ್ತದೆ. ಹೊರಗೆ ಬಂದ ಆ ಪಾಕವೇ ಕಾಕಂಬಿ. ಮೊಸರು ಕಡೆದು ಬೆಣ್ಣೆ ತೆಗೆದರೆ ಮಜ್ಜಿಗೆ ಉಳಿಯುವಂತೆ ಇಲ್ಲಿ ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಬೆಲ್ಲಕ್ಕೂ ಇದಕ್ಕೂ ಇರುವ ವ್ಯತ್ಯಾಸವೂ ಇಷ್ಟೇ. ಬೆಲ್ಲದಲ್ಲಿ ಕಡೆಯುವ ಕೆಲಸವೇ ಇಲ್ಲ, ರಸ ಇಡಿಯಾಗಿ ಗಟ್ಟಿಯಾಗುತ್ತದೆ.

ಒಂದು ಸಲ ಹರಳು ತೆಗೆದ ಪಾಕದಲ್ಲಿ ಇನ್ನೂ ಸಾಕಷ್ಟು ಸಕ್ಕರೆ ಇರುತ್ತದೆ. ಅದನ್ನು ಮತ್ತೆ ಕುದಿಸಿ, ಮತ್ತೆ ಹರಳು ತೆಗೆಯುತ್ತಾರೆ. ಸಾಮಾನ್ಯವಾಗಿ ಮೂರು ಸಲ. ಪ್ರತಿ ಸುತ್ತಿಗೂ ಸಿಹಿ ಇಳಿಯುತ್ತದೆ, ಹರಳುಗಟ್ಟಲಾರದ ಉಳಿದ ವಸ್ತುಗಳು ದಟ್ಟವಾಗುತ್ತವೆ. ಮೊದಲ ಕುದಿಯದು ತಿಳಿ ಕಾಕಂಬಿ, ಲೇಬಲ್ಲಿನ ಮೇಲೆ ‘ಲೈಟ್’ ಎಂದಿರುತ್ತದೆ. ಎರಡನೆಯದು ‘ಡಾರ್ಕ್’. ಮೂರನೆಯದು ‘ಬ್ಲ್ಯಾಕ್‌ಸ್ಟ್ರ್ಯಾಪ್’, ಟಾರಿನಂತೆ ಕಪ್ಪು, ಸಿಹಿಗಿಂತ ಕಹಿಯೇ ಮುಂದು. ನಿಮ್ಮ ಬಾಟಲಿ ಯಾವುದೆಂದು ನೋಡದೆ ಮುಂದುವರಿಯಬೇಡಿ. ಮೊದಲ ಎರಡು ಪರಸ್ಪರ ಬದಲಿಯಾಗುತ್ತವೆ, ಮೂರನೆಯದು ಆಗುವುದಿಲ್ಲ.

‘ಅನ್‌ಸಲ್ಫರ್ಡ್’ ಎಂಬ ಪದ ಕಂಡರೆ ಗಾಬರಿ ಬೇಡ. ಕೆಲವು ತಯಾರಕರು ಕೆಡದಿರಲೆಂದು ಗಂಧಕದ ಡೈಆಕ್ಸೈಡ್ ಬಳಸುತ್ತಾರೆ, ಅದನ್ನು ಬಳಸಿಲ್ಲ ಎಂದು ಅದರ ಅರ್ಥ. ಅಡುಗೆಗೆ ಇದೇ ಒಳ್ಳೆಯದು, ರುಚಿ ಸ್ವಚ್ಛ. ಇನ್ನು ದಾಳಿಂಬೆ, ದ್ರಾಕ್ಷಿ, ಖರ್ಜೂರಗಳ ‘ಮೊಲಾಸಸ್’ ಎಂದು ಮಾರುವುದು ಹಣ್ಣಿನ ರಸವನ್ನು ಬತ್ತಿಸಿದ ಪಾಕ. ಹೆಸರು ಒಂದೇ ಆದರೂ ಪದಾರ್ಥ ಬೇರೆ. ಜಾನುವಾರುಗಳ ಮೇವಿಗೆಂದು ಡಬ್ಬಗಳಲ್ಲಿ ಬರುವ ಕಾಕಂಬಿ ಅಡುಗೆಮನೆಗೆ ಬರಕೂಡದು. ಅದನ್ನು ಮನುಷ್ಯರ ಆಹಾರದ ನಿಯಮಗಳಂತೆ ತಯಾರಿಸಿರುವುದಿಲ್ಲ.

ಒಳಗೆ ಏನಿದೆ?

100 ಗ್ರಾಂ ಕಾಕಂಬಿಯಲ್ಲಿ ಸುಮಾರು 22 ಗ್ರಾಂ ನೀರು, ಸುಮಾರು 75 ಗ್ರಾಂ ಸಕ್ಕರೆಗಳು. ಶಕ್ತಿ ಸುಮಾರು 290 ಕಿಲೋಕ್ಯಾಲರಿ. ಸಕ್ಕರೆಗಳು ಎಂದು ಬಹುವಚನದಲ್ಲಿ ಹೇಳಲು ಕಾರಣವಿದೆ. ಮೇಜಿನ ಸಕ್ಕರೆಯಾದ ಸುಕ್ರೋಸಿನ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇದರಲ್ಲಿವೆ. ಅಡುಗೆಯಲ್ಲಿ ಇವೆರಡರ ಆಟವೇ ಬೇರೆ, ಅದನ್ನು ಮುಂದೆ ನೋಡೋಣ.

ಖನಿಜಗಳ ವಿಚಾರದಲ್ಲಿ ಕಾಕಂಬಿಯ ಬಗ್ಗೆ ದೊಡ್ಡ ಮಾತುಗಳು ಓಡಾಡುತ್ತವೆ. ಅವು ಪೂರ್ತಿ ಸುಳ್ಳಲ್ಲ. 100 ಗ್ರಾಮಿನಲ್ಲಿ ಸುಮಾರು 1,460 ಮಿಲಿಗ್ರಾಂ ಪೊಟ್ಯಾಸಿಯಂ, 240 ಮಿಲಿಗ್ರಾಂ ಮೆಗ್ನೀಸಿಯಂ, 205 ಮಿಲಿಗ್ರಾಂ ಕ್ಯಾಲ್ಸಿಯಂ, 4.7 ಮಿಲಿಗ್ರಾಂ ಕಬ್ಬಿಣ ಇದೆ. ಆದರೆ 100 ಗ್ರಾಂ ಕಾಕಂಬಿಯನ್ನು ಯಾರು ತಿನ್ನುತ್ತಾರೆ? ಒಂದು ದೊಡ್ಡ ಚಮಚ ಎಂದರೆ 20 ಗ್ರಾಂ. ಅದರಿಂದ ಸಿಗುವ ಕಬ್ಬಿಣ 1 ಮಿಲಿಗ್ರಾಮಿಗೂ ಕಡಿಮೆ, ಜೊತೆಗೆ 15 ಗ್ರಾಂ ಸಕ್ಕರೆ. ಬಿಳಿ ಸಕ್ಕರೆಯಲ್ಲಿ ಇಷ್ಟೂ ಇಲ್ಲ ಎಂಬುದು ನಿಜ. ಔಷಧಿಯೆಂದು ಕುಡಿಯುವ ವಸ್ತು ಇದಲ್ಲ ಎಂಬುದೂ ನಿಜ. ಸಕ್ಕರೆ ಕಾಯಿಲೆ ಇರುವವರ ಪಾಲಿಗೆ ಇದು ಸಕ್ಕರೆಯೇ.

ಅಡುಗೆಗೆ ಮುಖ್ಯವಾದ ಗುಣಗಳು ಮೂರು. ಒಂದು, ಕಾಕಂಬಿ ತುಸು ಹುಳಿ. ನಾಲಿಗೆಗೆ ತಿಳಿಯದಿದ್ದರೂ ಅಡುಗೆ ಸೋಡಾಕ್ಕೆ ತಿಳಿಯುತ್ತದೆ, ಎರಡೂ ಸೇರಿದರೆ ನೊರೆಯೇಳುತ್ತದೆ. ಎರಡು, ಅದು ತೇವವನ್ನು ಹಿಡಿದುಕೊಳ್ಳುತ್ತದೆ, ಇದು ಗ್ಲೂಕೋಸ್ ಮತ್ತು ಫ್ರಕ್ಟೋಸಿನ ಕೆಲಸ. ಮೂರು, ಬಿಸಿಗೆ ಬೇಗ ಕಂದುಗಟ್ಟುತ್ತದೆ, ಕಣ್ಣು ತಪ್ಪಿದರೆ ಬೇಗ ಸೀಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ: ಕಂದು ಸಕ್ಕರೆ

ಲೆಕ್ಕ ಹಾಕೋಣ. 350 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಸುಮಾರು 23 ದೊಡ್ಡ ಚಮಚ ಕಾಕಂಬಿ ಹಿಡಿಯುತ್ತದೆ. ನೀರಿಗಿಂತ ಭಾರವಾದ್ದರಿಂದ ತೂಕ ಅರ್ಧ ಕಿಲೋದ ಹತ್ತಿರ ಬರುತ್ತದೆ. ಇದರಲ್ಲಿ ಅರ್ಧವನ್ನು ಒಂದೇ ಮಧ್ಯಾಹ್ನದಲ್ಲಿ ಕರಗಿಸಬಹುದಾದ ಕೆಲಸವೊಂದಿದೆ. ಅದು ಕಂದು ಸಕ್ಕರೆ, ಅಂದರೆ ಬ್ರೌನ್ ಶುಗರ್ ತಯಾರಿ.

ಮೆತ್ತಗೆ, ಒದ್ದೆ ಮರಳಿನಂತೆ ಇರುವ ಆ ಸಕ್ಕರೆ ಬೇರೇನೂ ಅಲ್ಲ, ಕಾಕಂಬಿಯ ತೆಳು ಪೊರೆ ಹೊದ್ದ ಬಿಳಿ ಸಕ್ಕರೆಯ ಹರಳು. ಕಾರ್ಖಾನೆಗಳೂ ಎಷ್ಟೋ ಕಡೆ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿಯೇ ಅದನ್ನು ಮಾಡುತ್ತವೆ. ಮೊದಲು ತೆಗೆದದ್ದನ್ನು ಮತ್ತೆ ಸೇರಿಸುವುದು ತಮಾಷೆ ಎನಿಸಬಹುದು, ಆದರೆ ಹೀಗೆ ಮಾಡಿದರೆ ಬಣ್ಣವೂ ರುಚಿಯೂ ಪ್ರತಿ ಸಲ ಒಂದೇ ಹದದಲ್ಲಿ ಬರುತ್ತವೆ.

ಒಂದು ಕಪ್ (200 ಗ್ರಾಂ) ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಕಾಕಂಬಿ ಹಾಕಿದರೆ ತಿಳಿ ಕಂದು, ಎರಡು ಹಾಕಿದರೆ ಗಾಢ ಕಂದು. ಅಗಲ ಪಾತ್ರೆಯಲ್ಲಿ ಸಕ್ಕರೆ ಹರಡಿ, ನಡುವೆ ಕಾಕಂಬಿ ಸುರಿದು, ಮೊದಲು ಫೋರ್ಕಿನಿಂದ ಕಲಸಿ. ಮೊದಲ ನಿಮಿಷ ಕೆಲಸ ಕೆಟ್ಟಿತೆಂದೇ ಅನಿಸುತ್ತದೆ. ಕಪ್ಪು ಉಂಡೆಗಳು ಒಂದು ಕಡೆ, ಬಿಳಿ ಸಕ್ಕರೆ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವೇ ಇಲ್ಲ. ಫೋರ್ಕ್ ಬದಿಗಿಟ್ಟು ಕೈ ಹಾಕಿ. ಹಿಟ್ಟಿಗೆ ತುಪ್ಪ ತಿಕ್ಕುವಂತೆ ಬೆರಳ ತುದಿಯಲ್ಲಿ ಆ ಉಂಡೆಗಳನ್ನು ಸಕ್ಕರೆಯೊಡನೆ ತಿಕ್ಕುತ್ತಾ ಹೋಗಿ. ಪಟ್ಟೆಪಟ್ಟೆಯಾಗಿದ್ದ ಸಕ್ಕರೆ ನಾಲ್ಕೈದು ನಿಮಿಷದಲ್ಲಿ ಇಡಿಯಾಗಿ ಬಣ್ಣ ತಿರುಗುತ್ತದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಿ, ತಟ್ಟಿದರೆ ಉದುರಬೇಕು. ಅದೇ ಹದ.

ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಪೊರೆಯ ನೀರು ಆರಿದರೆ ಹರಳುಗಳು ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ. ಆಗ ಒಂದು ತುಂಡು ಬ್ರೆಡ್ಡನ್ನು ಡಬ್ಬಿಯೊಳಗೆ ಇಟ್ಟು ಒಂದು ದಿನ ಮುಚ್ಚಿಡಿ. ಬ್ರೆಡ್ಡಿನ ತೇವವನ್ನು ಸಕ್ಕರೆ ಎಳೆದುಕೊಳ್ಳುತ್ತದೆ. ಮಾರನೆಯ ದಿನ ಸಕ್ಕರೆ ಮೆತ್ತಗೆ, ಬ್ರೆಡ್ಡು ರಸ್ಕಿನಂತೆ.

ಬ್ಲ್ಯಾಕ್‌ಸ್ಟ್ರ್ಯಾಪ್ ಮಾತ್ರ ಇರುವವರು ಅರ್ಧ ಚಮಚದಿಂದ ಆರಂಭಿಸಲಿ.

ಬೇಯಿಸುವ ತಿನಿಸುಗಳಲ್ಲಿ ಅದಲುಬದಲು

ಕೇಕು, ಮಫಿನ್, ಬಿಸ್ಕತ್ತುಗಳಲ್ಲಿ ಸಕ್ಕರೆಯ ಒಂದು ಭಾಗದ ಬದಲು ಕಾಕಂಬಿ ಹಾಕಬಹುದು. ಅರ್ಧಕ್ಕಿಂತ ಹೆಚ್ಚು ಬೇಡ. ಇಲ್ಲಿ ಚಮಚ ಕಪ್ಪುಗಳಿಗಿಂತ ತಕ್ಕಡಿಯೇ ವಾಸಿ, ಏಕೆಂದರೆ ಲೆಕ್ಕ ಸರಳವಾಗುತ್ತದೆ. 100 ಗ್ರಾಂ ಸಕ್ಕರೆ ತೆಗೆದರೆ 130 ಗ್ರಾಂ ಕಾಕಂಬಿ ಹಾಕಿ. ಅಷ್ಟರಲ್ಲಿ ಸುಮಾರು 100 ಗ್ರಾಂ ಸಕ್ಕರೆ ಇದೆ, ಉಳಿದದ್ದರಲ್ಲಿ ಹೆಚ್ಚಿನಂಶ ನೀರು. ಆ ನೀರನ್ನು ಸರಿದೂಗಿಸಲು ಹಾಲನ್ನೋ ನೀರನ್ನೋ 30 ಮಿಲಿಲೀಟರ್ ಕಡಿಮೆ ಮಾಡಿ.

ಮುಂದಿನದು ಹುಳಿಯ ಲೆಕ್ಕ. 130 ಗ್ರಾಂ ಕಾಕಂಬಿಗೆ ಕಾಲು ಚಿಕ್ಕ ಚಮಚಕ್ಕಿಂತ ತುಸು ಕಡಿಮೆ ಅಡುಗೆ ಸೋಡಾ ಸಾಕು. ಸೋಡಾ ಹುಳಿಯೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕೇಕು ಉಬ್ಬುತ್ತದೆ, ಹುಳಿಯೂ ಇಳಿಯುತ್ತದೆ. ಹೀಗೆ ಉಬ್ಬಿಸುವ ಶಕ್ತಿ ಹೊಸದಾಗಿ ಸೇರಿದ್ದರಿಂದ ಬೇಕಿಂಗ್ ಪೌಡರನ್ನು ಮುಕ್ಕಾಲು ಚಿಕ್ಕ ಚಮಚದಷ್ಟು ಕಡಿಮೆ ಮಾಡಿ. ಇಲ್ಲದಿದ್ದರೆ ಕೇಕು ಬೇಗ ಉಬ್ಬಿ ನಡುವೆ ಕುಸಿಯುತ್ತದೆ. ಹಿಟ್ಟನ್ನು ಕಲಸಿಟ್ಟು ಕಾಯುವುದೂ ಬೇಡ, ಹಿಟ್ಟು ಓವನ್ನಿನೊಳಗೆ ಹೋಗುವ ಮೊದಲೇ ಅನಿಲ ಹಾರಿಹೋಗುತ್ತದೆ. ಓವನ್ನಿನ ಶಾಖವನ್ನು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇಳಿಸಿ. ಕಾಕಂಬಿ ಬೇಗ ಕಂದಾಗುವುದರಿಂದ ಮೇಲ್ಭಾಗ ಕರಿಯಾಗಿ ಒಳಗೆ ಹಸಿ ಉಳಿಯುವ ಅಪಾಯವಿದೆ. ಬಣ್ಣ ನೋಡಿ ಬೆಂದಿದೆ ಎಂದು ತೀರ್ಮಾನಿಸಲೂ ಬೇಡಿ, ಈ ಹಿಟ್ಟು ಹಸಿಯಿರುವಾಗಲೇ ಕಂದು. ಕಡ್ಡಿ ಚುಚ್ಚಿ ನೋಡುವುದೇ ನಂಬಿಕೆಯ ದಾರಿ.

ಇಷ್ಟು ತಾಪತ್ರಯಕ್ಕೆ ಪ್ರತಿಫಲ ಮಾರನೆಯ ದಿನ ಸಿಗುತ್ತದೆ. ಬಿಳಿ ಸಕ್ಕರೆಯ ಕೇಕು ಒಣಗಲು ಆರಂಭಿಸುವ ಹೊತ್ತಿಗೆ ಕಾಕಂಬಿಯ ಕೇಕು ಇನ್ನೂ ಮೆತ್ತಗಿರುತ್ತದೆ, ಶುಂಠಿ, ದಾಲ್ಚಿನ್ನಿ, ಲವಂಗಗಳ ಪರಿಮಳ ಒಳಗೆ ಕೂತು ಇನ್ನಷ್ಟು ಹದವಾಗಿರುತ್ತದೆ. ಇದೇ ತೇವ ಹಿಡಿಯುವ ಗುಣ ಗರಿಗರಿ ಬಿಸ್ಕತ್ತಿಗೆ ಶತ್ರು. ಕುರುಕಲು ಬೇಕಿದ್ದರೆ ಕಾಕಂಬಿ ಬೇಡ, ಮೆತ್ತನೆಯ ಕುಕಿಗೆ ಧಾರಾಳವಾಗಿ ಬಳಸಿ. ಚಾಕೊಲೇಟ್ ಕೇಕಿಗೆ ಒಂದೇ ಚಮಚ ಹಾಕಿದರೂ ಸಾಕು, ಅಲ್ಲಿ ಕಾಕಂಬಿ ಇದೆಯೆಂದು ಯಾರೂ ಹೇಳಲಾರರು, ಚಾಕೊಲೇಟ್ ಮಾತ್ರ ಇನ್ನೂ ಗಾಢವಾಗಿ ತೋರುತ್ತದೆ.

ಬ್ರೆಡ್ಡು ಮಾಡುವವರಿಗೆ ದಾರಿ ಇನ್ನೂ ಸಲೀಸು. ಒಂದು ಲೋಫಿಗೆ ಒಂದು ದೊಡ್ಡ ಚಮಚ ಕಾಕಂಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಯೀಸ್ಟಿಗೆ ಕೊಡಿ. ಯೀಸ್ಟಿಗೂ ಕಾಕಂಬಿಗೂ ಹಳೆಯ ನಂಟು. ಕಾರ್ಖಾನೆಗಳಲ್ಲಿ ಯೀಸ್ಟ್ ಬೆಳೆಸುವುದೇ ಹೆಚ್ಚಾಗಿ ಕಾಕಂಬಿಯ ಮೇಲೆ. ರಮ್ ಎಂಬ ಮದ್ಯ ಹುಟ್ಟುವುದೂ ಇವೆರಡರ ಒಡನಾಟದಿಂದ.

ಖಾರದ ಅಡುಗೆಯಲ್ಲಿ

ನನ್ನ ಮಟ್ಟಿಗೆ ಕಾಕಂಬಿ ನಿಜವಾಗಿ ಮೆರೆಯುವುದು ಇಲ್ಲಿಯೇ. ಟೊಮೆಟೊ ಸಾಸ್ ಕುದಿಯುತ್ತಿರುವಾಗ ಒಂದು ಬಟ್ಟಲಿಗೆ ಸ್ವಲ್ಪ ತೆಗೆದುಕೊಂಡು, ಅದಕ್ಕೆ ನಾಲ್ಕು ಹನಿ ಕಾಕಂಬಿ ಬೆರೆಸಿ, ಬೆರೆಸದ ಸಾಸಿನೊಂದಿಗೆ ಹೋಲಿಸಿ ನೋಡಿ. ಸಿಹಿಯಾಯಿತು ಎನಿಸುವುದಿಲ್ಲ. ಟೊಮೆಟೊದ ಹಸಿ ಹುಳಿ ತಗ್ಗಿ, ಇನ್ನೂ ಒಂದು ಗಂಟೆ ಕುದಿಸಿದಂತೆ ರುಚಿ ತುಂಬಿಕೊಂಡಿರುತ್ತದೆ. ಬಹಳ ಹೊತ್ತು ಕುದಿಸಿದ, ಹುರಿದ ಅಡುಗೆಯಲ್ಲಿ ಹುಟ್ಟುವಂಥ ಕಂದು ರುಚಿಗಳು ಕಾಕಂಬಿಯಲ್ಲಿ ಮೊದಲೇ ಕೂಡಿಕೊಂಡಿರುತ್ತವೆ. ನೀವು ಸೇರಿಸುತ್ತಿರುವುದು ಅವುಗಳನ್ನು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಕಂದಾಗುವವರೆಗೆ ಬಾಡಿಸುವಾಗ ಕೊನೆಯಲ್ಲಿ ಅರ್ಧ ಚಿಕ್ಕ ಚಮಚ ಹಾಕಿದರೂ ಇದೇ ಫಲ.

ಕುಂಬಳಕಾಯಿ, ಕ್ಯಾರೆಟ್, ಗೆಣಸುಗಳನ್ನು ಓವನ್ನಿನಲ್ಲಿ ಹುರಿಯುವವರು ಒಂದು ದೊಡ್ಡ ಚಮಚ ಕಾಕಂಬಿ, ಅಷ್ಟೇ ಎಣ್ಣೆ, ಎರಡು ಚಿಕ್ಕ ಚಮಚ ವಿನೆಗರ್ ಅಥವಾ ನಿಂಬೆರಸ, ಉಪ್ಪು, ಕಾಳುಮೆಣಸಿನ ಪುಡಿಗಳನ್ನು ಕಲಸಿಟ್ಟುಕೊಳ್ಳಲಿ. ಆರಂಭದಲ್ಲೇ ಸವರಿದರೆ ತಟ್ಟೆಯ ತುಂಬ ಕರಿ ಹಿಡಿಯುತ್ತದೆ. ತರಕಾರಿ ಮುಕ್ಕಾಲು ಬೆಂದ ಮೇಲೆ ಹೊರಗೆ ತೆಗೆದು, ಸವರಿ, ಕೊನೆಯ ಹತ್ತು ನಿಮಿಷಕ್ಕೆ ಮತ್ತೆ ಒಳಗಿಡಿ. ಅಂಚುಗಳಲ್ಲಿ ಸಣ್ಣ ಗುಳ್ಳೆಗಳೆದ್ದು, ಅವು ಒಡೆದು ಹೊಳಪಿನ ಪೊರೆಯಾದಾಗ ತೆಗೆದುಬಿಡಿ. ಮಾಂಸ, ಪನೀರ್, ತೋಫುಗಳಿಗೆ ಹಚ್ಚುವ ಮಸಾಲೆಗೂ ಇದೇ ಮಿಶ್ರಣ ಹೊಂದುತ್ತದೆ. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು, ಸೋಯಾ ಸಾಸ್ ಎಲ್ಲವೂ ಕಾಕಂಬಿಯ ಸ್ನೇಹಿತರು. ಬ್ಲ್ಯಾಕ್‌ಸ್ಟ್ರ್ಯಾಪಿನ ಕಹಿ ಸಿಹಿತಿಂಡಿಯಲ್ಲಿ ಹೊಂದದಿದ್ದರೂ ಖಾರ ಮತ್ತು ಹುಳಿಗಳ ನಡುವೆ ಸುಲಭವಾಗಿ ಕರಗಿಹೋಗುತ್ತದೆ. ಆ ಬಾಟಲಿ ತಂದವರಿಗೆ ಇದೇ ಮುಖ್ಯ ದಾರಿ.

ಬೀನ್ಸ್ ಕಾಳುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಾಳಿನ ಜೀವಕೋಶಗಳನ್ನು ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟು. ಅದು ಸಡಿಲವಾದರೆ ಕಾಳು ಮೆತ್ತಗಾಗುತ್ತದೆ. ಕಾಕಂಬಿಯ ಕ್ಯಾಲ್ಸಿಯಂ ಆ ಅಂಟನ್ನು ಬಿಗಿಗೊಳಿಸುತ್ತದೆ, ಹುಳಿಯೂ ಸಕ್ಕರೆಯೂ ಅದರ ಜೊತೆ ಸೇರುತ್ತವೆ. ಹಸಿ ಕಾಳಿನ ಜೊತೆಗೇ ಕಾಕಂಬಿ ಹಾಕಿದರೆ ಗಂಟೆಗಟ್ಟಲೆ ಕುದಿಸಿದರೂ ಕಾಳು ಗಟ್ಟಿಯಾಗಿಯೇ ಉಳಿಯಬಹುದು. ಕಾಳು ಬೆಂದ ಮೇಲೆ ಹಾಕಿದರೆ ಇದೇ ದೋಷ ಗುಣವಾಗುತ್ತದೆ. ಮತ್ತೆಷ್ಟು ಹೊತ್ತು ಸಾಸಿನಲ್ಲಿ ಕುದಿಸಿದರೂ ಕಾಳು ಒಡೆದು ಮುದ್ದೆಯಾಗುವುದಿಲ್ಲ.

ಬಟ್ಟಲಿಗೆ, ಲೋಟಕ್ಕೆ

ಓಟ್ಸ್ ಗಂಜಿ, ಮೊಸರು, ಹೆಚ್ಚಿದ ಬಾಳೆಹಣ್ಣುಗಳ ಮೇಲೆ ಎಳೆಯಾಗಿ ಸುರಿಯಬಹುದು. ಒಂದು ಚಿಕ್ಕ ಚಮಚ ಮೀರದಿರಲಿ. ಕಾಫಿಗೆ ಸಕ್ಕರೆಯ ಬದಲು ಅರ್ಧ ಚಮಚ ಹಾಕಿ ನೋಡಿ, ಎರಡು ಕಹಿಗಳು ಜಗಳವಾಡದೆ ಹೊಂದಿಕೊಳ್ಳುತ್ತವೆ. ಶುಂಠಿ ಜಜ್ಜಿದ ನೀರಿಗೆ ನಿಂಬೆರಸ, ಒಂದು ಚಮಚ ಕಾಕಂಬಿ, ಚಿಟಿಕೆ ಉಪ್ಪು ಹಾಕಿ ತಣ್ಣಗೆ ಕುಡಿದರೆ ಬಿಸಿಲಿಗೆ ಹಿತ. ಹಾಲಿಗೆ ಹಾಕುವಾಗ ಮಾತ್ರ ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಹಾಕಿ. ಕುದಿಯುವ ಹಾಲು ಕಾಕಂಬಿಯ ಹುಳಿಗೆ ಒಡೆದುಹೋಗಬಹುದು.

ಎಲ್ಲಿ ಬೇಡ?

ಬಣ್ಣವೂ ಘಮವೂ ತಿಳಿಯಾಗಿರಬೇಕಾದ ಕಡೆ. ವೆನಿಲಾ ಕಸ್ಟರ್ಡ್, ಮೊಟ್ಟೆಯ ಬಿಳಿ ನೊರೆಯಲ್ಲಿ ಮಾಡುವ ಮೆರಾಂಗ್, ಲಿಚಿ ಪೇರಲೆಯಂಥ ನವಿರು ಹಣ್ಣುಗಳ ಸಿಹಿ, ಇವುಗಳಲ್ಲಿ ಒಂದು ಚಮಚ ಕಾಕಂಬಿ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಟಾಫಿಯಲ್ಲಿ ಮಾತ್ರ ಅದು ಉಪಕಾರಿ. ಅದರ ಗ್ಲೂಕೋಸ್, ಫ್ರಕ್ಟೋಸ್‌ಗಳು ಸಕ್ಕರೆಯ ನಡುವೆ ನುಸುಳಿ ಅದು ಮತ್ತೆ ಹರಳುಗಟ್ಟದಂತೆ ತಡೆಯುತ್ತವೆ, ಟಾಫಿ ಮರಳು ಮರಳಾಗದೆ ನುಣುಪಾಗಿರುತ್ತದೆ.

ಸುರಿಯುವುದು, ಅಳೆಯುವುದು, ಇಡುವುದು

ಕಾಕಂಬಿಯ ಹರಿವು ಶಾಖವನ್ನು ಅವಲಂಬಿಸಿದೆ. ತಣ್ಣಗಾದಷ್ಟೂ ಅದು ಮಂದ. 1919ರ ಜನವರಿ 15ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಸುಮಾರು 87 ಲಕ್ಷ ಲೀಟರ್ ಕಾಕಂಬಿ ತುಂಬಿದ್ದ ತೊಟ್ಟಿ ಒಡೆದು, ಅಲೆಯಾಗಿ ಬೀದಿಗೆ ನುಗ್ಗಿ 21 ಜನರನ್ನು ಬಲಿ ತೆಗೆದುಕೊಂಡಿತು, ಸುಮಾರು 150 ಜನ ಗಾಯಗೊಂಡರು. ಒಡೆದಾಗ ವೇಗವಾಗಿ ಹರಿದದ್ದು ಚಳಿಯಲ್ಲಿ ಬರಬರುತ್ತಾ ಗಟ್ಟಿಯಾಗಿ, ಸಿಕ್ಕಿಕೊಂಡವರನ್ನು ಹೊರಗೆಳೆಯುವುದೇ ಕಷ್ಟವಾಯಿತು. ನಮ್ಮ ಬಾಟಲಿಗೂ ಇದೇ ಭೌತಶಾಸ್ತ್ರ, ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿದರೆ ಜೇನಿನಂತೆ ಇಳಿಯುತ್ತದೆ. ಅಳೆಯುವ ಚಮಚಕ್ಕೆ ಮೊದಲು ಎಣ್ಣೆ ಸವರಿದರೆ ಒಂದು ಹನಿಯೂ ಅಂಟದೆ ಜಾರುತ್ತದೆ. ಪಾಕವಿಧಾನದಲ್ಲಿ ಎಣ್ಣೆ ಇದ್ದರೆ ಅದನ್ನೇ ಮೊದಲು ಅಳೆದುಬಿಡಿ, ಸವರುವ ಕೆಲಸವೂ ಮುಗಿಯಿತು.

ಸಕ್ಕರೆ ಅಷ್ಟು ದಟ್ಟವಾಗಿರುವುದರಿಂದ ಸೂಕ್ಷ್ಮಜೀವಿಗಳಿಗೆ ಬದುಕಲು ಬೇಕಾದಷ್ಟು ನೀರು ಕಾಕಂಬಿಯಲ್ಲಿ ಸಿಗುವುದಿಲ್ಲ. ಹಾಗಾಗಿ ತಂಪಾದ, ಬೆಳಕು ಬೀಳದ ಕಪಾಟಿನಲ್ಲಿ ತೆರೆದ ಬಾಟಲಿಯೂ ಆರು ತಿಂಗಳಿಂದ ಒಂದು ವರ್ಷ ಚೆನ್ನಾಗಿರುತ್ತದೆ. ಕೆಡಿಸುವುದು ನಾವೇ ಬಿಡುವ ನೀರು, ಅಂದರೆ ಒದ್ದೆ ಚಮಚ ಅಥವಾ ಆವಿಯೇಳುವ ಪಾತ್ರೆಯ ಮೇಲೆ ಬಗ್ಗಿಸಿದ ಬಾಟಲಿ. ಮೇಲೆ ಬೂಸ್ಟು ಕಂಡರೆ, ಮುಚ್ಚಳ ತೆರೆದಾಗ ಬುಸ್ಸೆಂದರೆ, ಹುದುಗಿದ ವಾಸನೆ ಬಂದರೆ ಇಡಿಯಾಗಿ ಚೆಲ್ಲಿ. ತಳದಲ್ಲಿ ಹರಳು ಕಂಡರೆ ಚಿಂತೆಯಿಲ್ಲ, ಬೆಚ್ಚಗೆ ಮಾಡಿದರೆ ಕರಗುತ್ತದೆ. ಪ್ರತಿ ಸಲ ಬಳಸಿದ ಮೇಲೆ ಬಾಯಿಯ ಅಂಚನ್ನು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಮುಚ್ಚಿ. ಮುಂದಿನ ಸಲ ಮುಚ್ಚಳದೊಡನೆ ಕುಸ್ತಿ ಇರುವುದಿಲ್ಲ.

ಕೊನೆಗೆ ಗೋಡೆಗಂಟಿದ ಒಂದೆರಡು ಚಮಚದಷ್ಟು ಉಳಿದೇ ಉಳಿಯುತ್ತದೆ, ಚಮಚ ಅಲ್ಲಿಗೆ ತಲುಪುವುದಿಲ್ಲ. ಬ್ರೆಡ್ಡು ಮಾಡುವ ದಿನ, ಹಿಟ್ಟಿಗೆ ಬೇಕಾದ ಉಗುರುಬೆಚ್ಚಗಿನ ನೀರನ್ನು ಆ ಬಾಟಲಿಗೇ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ. ಬಂದ ಕಂದು ನೀರಿಗೆ ಯೀಸ್ಟ್ ಉದುರಿಸಿ ಹತ್ತು ನಿಮಿಷ ಬಿಟ್ಟರೆ ಮೇಲೆ ನೊರೆ ಕಟ್ಟಿರುತ್ತದೆ, ಬಾಟಲಿ ತೊಳೆದದ್ದೂ ಆಗಿರುತ್ತದೆ.